ಸೋರದ ಗಾಳಿಗಾಗಿ

1803ರ ಆಗಸ್ಟ್ ತಿಂಗಳ ಕೊನೆ. ಅಮೆರಿಕದ ಪಿಟ್ಸ್‌ಬರ್ಗ್‌ನಿಂದ ಹೊರಟ ದೋಣಿಯೊಂದು ಒಹಾಯೊ ನದಿಯಲ್ಲಿ ಮೂರು ಮೈಲಿ ಸಾಗಿ ಬ್ರೂನೊ ಎಂಬ ನಡುಗಡ್ಡೆಯ ದಡ ಸೇರಿತು. ದೋಣಿಯ ಮುಖ್ಯಸ್ಥ ಕ್ಯಾಪ್ಟನ್ ಮೆರಿವೆದರ್ ಲೂಯಿಸ್. ಅಮೆರಿಕ ಖಂಡವನ್ನು ಅಡ್ಡಲಾಗಿ ದಾಟಿ ಪಶ್ಚಿಮದ ಸಾಗರ ಮುಟ್ಟಿ ಬರಬೇಕೆಂದು ಅಧ್ಯಕ್ಷ ಜೆಫರ್ಸನ್ ಕಳಿಸಿದ ದಂಡಯಾತ್ರೆಯ ನಾಯಕ. ದಡದಲ್ಲಿದ್ದ ಪರಿಚಿತರು ಅವನ ಬಳಿ ಇದ್ದ ವಿಚಿತ್ರ ಕೋವಿಯನ್ನು ತೋರಿಸು ಎಂದರು. ಲೂಯಿಸ್ 55 ಗಜ ದೂರದ ಗುರಿಗೆ ಏಳು ಸಲ ಹೊಡೆದು ತೋರಿಸಿದ. ಆಮೇಲೆ ಕೋವಿ ಬ್ಲೇಜ್ ಸೆನಾಸ್ ಎಂಬವನ ಕೈಗೆ ಹೋಯಿತು. ಅದನ್ನು ಬಳಸಿ ಗೊತ್ತಿಲ್ಲದ ಆತನ ಕೈಯಲ್ಲಿ ಕೋವಿ ತಾನಾಗಿ ಹಾರಿತು. 40 ಗಜ ಆಚೆ ನಿಂತಿದ್ದ ಹೆಂಗಸಿನ ಟೋಪಿಯನ್ನು ತೂರಿ ಗುಂಡು ಅವಳ ಕಣತಲೆ ಸವರಿಕೊಂಡು ಹೋಯಿತು. ಆಕೆ ನೆತ್ತರು ಸುರಿಸುತ್ತ ಬಿದ್ದಳು. ಸತ್ತೇ ಹೋದಳೆಂದು ಎಲ್ಲರೂ ಗಾಬರಿಯಾದರು. ನಿಮಿಷದಲ್ಲಿ ಎಚ್ಚರವಾಯಿತು, ಗಾಯ ಅಪಾಯದ್ದಲ್ಲ ಎಂದು ತಿಳಿದ ಮೇಲೆ ಎಲ್ಲರೂ ಉಸಿರುಬಿಟ್ಟರು. ಇದು ಲೂಯಿಸ್‌ನ ದಿನಚರಿಯ ಮೊದಲ ದಿನದ ಬರಹ.

ಆ ಕಾಲದ ಜನ ಕೋವಿ ಕಾಣದವರಲ್ಲ. ಮದ್ದಿನ ಕೋವಿ ತುಂಬಿದೆಯೋ ಇಲ್ಲವೋ ಎಂದು ತಿಳಿಯಲು ಅವರಿಗೆ ಗುರುತುಗಳಿದ್ದವು: ಚಕಮಕಿ ಕಲ್ಲಿನ ಕೆಳಗಿನ ಬಟ್ಟಲಲ್ಲಿ ಮದ್ದಿದೆಯೇ, ಕುದುರೆ ಎತ್ತಿದೆಯೇ ಎಂದು ನೋಡಿದರೆ ಸಾಕು. ಲೂಯಿಸ್‌ನ ಕೋವಿಯಲ್ಲಿ ಮದ್ದೇ ಇರಲಿಲ್ಲ. ಒಳಗೆ ಒತ್ತಿಟ್ಟ ಗಾಳಿ ಇತ್ತು, ಅದು ಕಣ್ಣಿಗೆ ಕಾಣುವುದಿಲ್ಲ.

ಎಂಟು ದಿನಗಳ ನಂತರ, ಸೆಪ್ಟೆಂಬರ್ 8ರಂದು, ವ್ಹೀಲಿಂಗ್ ಎಂಬ ಊರಿನಲ್ಲಿ ತಾಮಸ್ ರಾಡ್ನಿ ಎಂಬ ನ್ಯಾಯಾಧೀಶ ಅದೇ ಕೋವಿಯನ್ನು ನೋಡಿ ತನ್ನ ದಿನಚರಿಯಲ್ಲಿ ಬರೆದಿಟ್ಟ. ಒಮ್ಮೆ ಗಾಳಿ ತುಂಬಿದರೆ 22 ಸಲ ಹೊಡೆಯುತ್ತದಂತೆ. ಲೂಯಿಸ್ 12 ಗುಂಡು ತುಂಬಿ ಒಂದೊಂದಾಗಿ ಹಾರಿಸಿ ತೋರಿಸಲು ಹೊರಟ. ಮೊದಲ ಏಟಿಗೇ ಒಳಗಿನ ಗಾಳಿಯೆಲ್ಲ ಹೊರಟುಹೋಯಿತು. ಮತ್ತೆ ಗಾಳಿ ತುಂಬಿದಾಗ ಎರಡು ಸಲ ಹಾರಿತು, ಕಾರಣ ಹುಡುಕಿ ಸೋರಿಕೆಯನ್ನು ಒಂದಿಷ್ಟು ತಡೆದ ಮೇಲೆ ಏಳು ಸಲ ಹಾರಿತು ಎಂದೂ ರಾಡ್ನಿ ಸೇರಿಸಿದ್ದಾನೆ.

ನನಗೆ ಈ ಎರಡನೆಯ ಪ್ರಸಂಗವೇ ಹೆಚ್ಚು ಮುಖ್ಯ. ನಾಲ್ಕು ಶತಮಾನಗಳ ಗಾಳಿ ಕೋವಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಅವನ್ನು ಮಾಡಿದವರೆಲ್ಲ ಸೆಣಸಿದ್ದು ಒಂದೇ ಶತ್ರುವಿನ ಜೊತೆ: ಸೋರಿಕೆ. ಗಾಳಿಯನ್ನು ಒತ್ತುವುದು ಕಷ್ಟವಲ್ಲ, ಒತ್ತಿದ್ದನ್ನು ಬೇಕಾದ ಗಳಿಗೆಯವರೆಗೆ ಹಿಡಿದಿಡುವುದು ಕಷ್ಟ. ಹಳೆಯ ಗಾಳಿ ಕೋವಿಗಳನ್ನು ಸಂಗ್ರಹಿಸುವವರು ಇವತ್ತಿಗೂ ತೊಗಲಿನ ವಾಷರು, ಬೆಸುಗೆಯ ಗೆರೆ, ವಾಲ್ವಿನ ಬಾಯಿ ಇವುಗಳ ಬಗ್ಗೆಯೇ ಗಂಟೆಗಟ್ಟಲೆ ಮಾತಾಡುವುದು ಅದಕ್ಕೇ.

ರಾಡ್ನಿ ಹೇಳಿದ 22 ಏಟುಗಳ ಲೆಕ್ಕ ಒಂದು ಹಳೆಯ ಜಗಳವನ್ನೂ ಬಗೆಹರಿಸಿತು. ಲೂಯಿಸ್‌ನ ಕೋವಿ ಯಾರು ಮಾಡಿದ್ದೆಂದು ಅವನ ದಿನಚರಿಯಲ್ಲಿ ಎಲ್ಲೂ ಇಲ್ಲ. ಫಿಲಡೆಲ್ಫಿಯಾ ಕಡೆಯ ಗಡಿಯಾರ ಕುಶಲಿ ಐಸಾಯಾ ಲ್ಯೂಕೆನ್ಸ್ ಮಾಡಿದ್ದೆಂದು ಬಹುಕಾಲ ನಂಬಿದ್ದರು. ಆದರೆ ಲ್ಯೂಕೆನ್ಸ್ ಕೋವಿ ಒಂದು ಸಲಕ್ಕೆ ಒಂದೇ ಗುಂಡು ತುಂಬುವಂಥದು. ಗುಂಡುಗಳನ್ನು ಸಾಲಾಗಿ ತುಂಬಿ ಒಂದರ ಹಿಂದೊಂದು ಹಾರಿಸಬಹುದಾದ ಗಾಳಿ ಕೋವಿ ಎಂದರೆ ಮೊದಲು ನೆನಪಾಗುವುದು ಆಸ್ಟ್ರಿಯಾ ಸೇನೆಯದು. ಅದರ ಕರ್ತೃ ಟೈರೋಲ್ ಸೀಮೆಯ ಬಾರ್ತೊಲೊಮಿಯಸ್ ಜಿರಾರ್ದೋನಿ.

ಜಿರಾರ್ದೋನಿಯ ಕೋವಿಯನ್ನು ಆಸ್ಟ್ರಿಯಾ ಸೇನೆ 1780ರ ಹೊತ್ತಿಗೆ ಒಪ್ಪಿಕೊಂಡಿತು. ಆಗ ಚಕ್ರವರ್ತಿ ಎರಡನೆಯ ಯೋಸೆಫ್. ನಾಲ್ಕು ಅಡಿ ಉದ್ದ, ಸುಮಾರು ನಾಲ್ಕೂವರೆ ಕಿಲೊ ತೂಕ. ದೂರದಿಂದ ಸಾಧಾರಣ ಸಿಪಾಯಿ ಬಂದೂಕಿನಂತೆಯೇ ಕಾಣುತ್ತದೆ. ಹತ್ತಿರ ಹೋದರೆ ವ್ಯತ್ಯಾಸ. ಭುಜಕ್ಕೆ ಆನಿಸುವ ಬಟ್ ಮರದ್ದಲ್ಲ, ತೊಗಲು ಸುತ್ತಿದ ಕಬ್ಬಿಣದ ಕುಪ್ಪಿ. ತಿರುಪಿದರೆ ಕಳಚಿ ಬರುತ್ತದೆ. ಗಾಳಿ ಇರುವುದು ಅದರೊಳಗೆ. ನಳಿಗೆಯ ಬಲಮಗ್ಗುಲಿಗೆ ಅಂಟಿಕೊಂಡಂತೆ ಇನ್ನೊಂದು ಸಪೂರ ಕೊಳವೆ, ಅದರಲ್ಲಿ ಇಪ್ಪತ್ತು ಚಿಲ್ಲರೆ ಸೀಸದ ಗುಂಡು. ನಳಿಗೆಯ ಬುಡದಲ್ಲಿ ಅಡ್ಡಕ್ಕೆ ಸರಿಯುವ ಉಕ್ಕಿನ ತುಂಡೊಂದಿದೆ, ಅದರಲ್ಲಿ ಒಂದು ಗುಂಡು ಕೂರುವಷ್ಟು ತೂತು. ಕೋವಿಯ ಮೂತಿಯನ್ನು ತುಸು ಮೇಲೆತ್ತಿ ಹೆಬ್ಬೆರಳಿನಿಂದ ಆ ತುಂಡನ್ನು ತಳ್ಳಿದರೆ ಗುಂಡು ಉರುಳಿ ತೂತಿಗೆ ಬೀಳುತ್ತದೆ. ಬೆರಳು ಬಿಟ್ಟರೆ ಪಕ್ಕದ ಪಟ್ಟಿ ಸ್ಪ್ರಿಂಗ್ ತುಂಡನ್ನು ಹಿಂದಕ್ಕೆ ದಬ್ಬಿ ಗುಂಡನ್ನು ನಳಿಗೆಯ ನೇರಕ್ಕೆ ತಂದು ನಿಲ್ಲಿಸುತ್ತದೆ. ಕುದುರೆ ಎಳೆ, ಹೊಡೆ. ಮತ್ತೆ ತಳ್ಳು, ಎಳೆ, ಹೊಡೆ. ಮದ್ದಿನ ಕೋವಿಯವ ಎದ್ದು ನಿಂತು, ಮದ್ದು ಸುರಿದು, ಗುಂಡು ಹಾಕಿ, ಗಜದಿಂದ ಜಡಿದು ಒಂದು ಏಟು ಸಿದ್ಧ ಮಾಡಿಕೊಳ್ಳುವಷ್ಟರಲ್ಲಿ ಇವನು ಮಲಗಿದಲ್ಲೇ ಹತ್ತು ಹೊಡೆಯಬಹುದು. ಹೊಗೆಯಿಲ್ಲ, ಬೆಂಕಿಯ ಮಿಂಚಿಲ್ಲ, ಮಳೆಗೆ ನೆನೆಯುವ ಮದ್ದಿಲ್ಲ. ಸದ್ದೇ ಇಲ್ಲ ಎಂಬುದು ಮಾತ್ರ ಉತ್ಪ್ರೇಕ್ಷೆ. ನಳಿಗೆಯಿಂದ ಒಮ್ಮೆಲೇ ನುಗ್ಗುವ ಗಾಳಿ ಚಟೀರೆನ್ನುತ್ತದೆ.

ಒಂದಿಷ್ಟು ಲೆಕ್ಕ ಹಾಕೋಣ. ಕುಪ್ಪಿಯೊಳಗಿನ ಒತ್ತಡ ಸುಮಾರು 55 ವಾಯುಭಾರ ಇರುತ್ತಿತ್ತು. ಎಂದರೆ ನಮ್ಮನ್ನು ಸುತ್ತುವರಿದ ಗಾಳಿಯ ಒತ್ತಡದ 55 ಪಟ್ಟು. ಗುಂಡಿನ ವ್ಯಾಸ ಸುಮಾರು 11.7 ಮಿಲಿಮೀಟರ್, ಅದರ ಹಿಂಬದಿಯ ಹರವು ಒಂದು ಚದರ ಸೆಂಟಿಮೀಟರಿಗಿಂತ ತುಸು ಹೆಚ್ಚು. ಅಷ್ಟು ಜಾಗದ ಮೇಲೆ 55 ವಾಯುಭಾರ ಬಿದ್ದರೆ 60 ಕಿಲೊ ತೂಕದ ಆಳೊಬ್ಬ ಆ ಗುಂಡಿನ ಮೇಲೆ ನಿಂತಷ್ಟು ಬಲ. ಗುಂಡಿನ ತೂಕವಾದರೋ ಹತ್ತು ಗ್ರಾಮ್ ಸಹ ಇಲ್ಲ. ಅದು ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಹೊರಬಿದ್ದರೆ ನೂರು ಜೂಲ್‌ಗೂ ಹೆಚ್ಚು ಶಕ್ತಿ. ಇಂದು ಅಂಗಡಿಯಲ್ಲಿ ಸಿಗುವ ಸಾಮಾನ್ಯ ಏರ್‌ಗನ್‌ಗಳ ಶಕ್ತಿ ಇದರ ಐದನೇ ಒಂದು ಪಾಲನ್ನೂ ಮುಟ್ಟುವುದಿಲ್ಲ. ಗಾಳಿ ಕೋವಿ ಎಂದರೆ ಮಕ್ಕಳ ಆಟಿಕೆ ಎಂದು ನಗುವವರು ಈ ಅಂಕಿಯನ್ನು ನೆನಪಿಡಬೇಕು.

ಗಾಳಿಯನ್ನು ಅಷ್ಟು ಒತ್ತುವುದು ಹೇಗೆ? ಕೈಪಂಪಿನಿಂದ. ಒಂದು ಕುಪ್ಪಿ ತುಂಬಲು ಸುಮಾರು 1,500 ಸಲ ಒತ್ತಬೇಕಿತ್ತು. ಎರಡು ಸೆಕೆಂಡಿಗೊಂದರಂತೆ ಬಿಡದೆ ಒತ್ತಿದರೂ 50 ನಿಮಿಷ; ಕೊನೆಯ ನೂರಿನ್ನೂರು ಒತ್ತುಗಳಿಗೆ ಇಡೀ ಮೈಭಾರ ಹಾಕಬೇಕು. ಅನಿಲವೊಂದರ ಗಾತ್ರ ಅರ್ಧಕ್ಕಿಳಿದರೆ ಒತ್ತಡ ಇಮ್ಮಡಿಸುತ್ತದೆ ಎಂದು ರಾಬರ್ಟ್ ಬಾಯ್ಲ್ 1662ರಲ್ಲಿ ಸಾರಿದ ನಿಯಮ ಇಲ್ಲಿ ರಟ್ಟೆನೋವಾಗಿ ಅನುಭವಕ್ಕೆ ಬರುತ್ತದೆ. ಜೊತೆಗೆ ಇನ್ನೊಂದು ಕಾಟ. ಸೈಕಲ್ ಪಂಪಿನ ಬುಡ ಮುಟ್ಟಿ ನೋಡಿದವರಿಗೆ ಗೊತ್ತು, ಒತ್ತಿದ ಗಾಳಿ ಬಿಸಿಯಾಗುತ್ತದೆ. ಬಿಸಿ ಗಾಳಿ ತುಂಬಿದ ಕುಪ್ಪಿ ಆರಿದಾಗ ಒತ್ತಡ ತಾನಾಗಿ ಇಳಿಯುತ್ತದೆ. ತುಂಬಿಟ್ಟೆ ಎಂದುಕೊಂಡದ್ದು ಪೂರ್ತಿ ತುಂಬಿರುವುದೇ ಇಲ್ಲ.

ವಾಲ್ವಿನದು ಇನ್ನೂ ಸೂಕ್ಷ್ಮ. ಕುದುರೆ ಬಿಟ್ಟಾಗ ಸುತ್ತಿಗೆಯಂಥ ಭಾಗವೊಂದು ಕಡ್ಡಿಯನ್ನು ಹೊಡೆದು ವಾಲ್ವನ್ನು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ತೆರೆಯುತ್ತದೆ. ಕುಪ್ಪಿಯೊಳಗಿನ ಒತ್ತಡವೇ ಅದನ್ನು ಮತ್ತೆ ಮುಚ್ಚುತ್ತದೆ. ಸ್ವಲ್ಪ ಹೆಚ್ಚು ಹೊತ್ತು ತೆರೆದಿದ್ದರೆ ಗಾಳಿ ವ್ಯರ್ಥ, ಮುಚ್ಚದೇ ಹೋದರೆ ವ್ಹೀಲಿಂಗ್‌ನಲ್ಲಿ ಆದದ್ದೇ ಆಗುತ್ತದೆ. ಪ್ರತಿ ಏಟಿಗೂ ಒತ್ತಡ ಕುಸಿಯುವುದರಿಂದ ಮೊದಲ ಗುಂಡು ಹೋದಷ್ಟು ದೂರ ಇಪ್ಪತ್ತನೆಯದು ಹೋಗುವುದಿಲ್ಲ. ಸಿಪಾಯಿ ಎಷ್ಟು ಹೊಡೆದಿದ್ದೇನೆ ಎಂದು ಮನಸ್ಸಿನಲ್ಲೇ ಎಣಿಸುತ್ತ ಗುರಿಯನ್ನು ತುಸುತುಸು ಮೇಲಕ್ಕೇರಿಸಬೇಕಿತ್ತು. ಯುದ್ಧದ ಗದ್ದಲದಲ್ಲಿ ಇಂಥ ಲೆಕ್ಕ ಇಡುವ ಸಿಪಾಯಿಗಳು ಎಷ್ಟು ಜನ ಸಿಕ್ಕಾರು?

ಹೀಗಿದ್ದೂ 1788ರಲ್ಲಿ ತುರ್ಕರ ವಿರುದ್ಧ ಶುರುವಾದ ಯುದ್ಧದ ಹೊತ್ತಿಗೆ ಈ ಕೋವಿ ರಣರಂಗಕ್ಕೆ ಬಂತು. ಪ್ರತಿಯೊಬ್ಬನ ತೊಗಲು ಚೀಲದಲ್ಲಿ ಹೆಚ್ಚುವರಿ ಕುಪ್ಪಿಗಳು, ಪಂಪು, ಗುಂಡು ಎರೆಯುವ ಅಚ್ಚು. ಹಿಂದೆ ಗಾಡಿಯ ಮೇಲೆ ದೊಡ್ಡ ಪಂಪು. ನೆಪೋಲಿಯನ್ ಕಾಲ ಮುಗಿಯುವ ಹೊತ್ತಿಗೆ, 1815ರ ಆಸುಪಾಸಿನಲ್ಲಿ, ಸೇನೆ ಅದನ್ನು ಕೈಬಿಟ್ಟಿತು. ಗಾಳಿ ಕೋವಿಯೊಂದಿಗೆ ಸಿಕ್ಕಿಬಿದ್ದವರನ್ನು ಫ್ರೆಂಚರು ಕೊಲೆಗಡುಕರೆಂದು ನೇಣಿಗೇರಿಸುತ್ತಿದ್ದರು ಎಂಬ ಕಥೆ ಸಂಗ್ರಾಹಕರ ನಡುವೆ ಬಲು ಜನಪ್ರಿಯ. ಕೇಳಲು ರೋಚಕ, ಆದರೆ ನಾನಿದನ್ನು ದಂತಕಥೆಗಳ ಸಾಲಿನಲ್ಲೇ ಇಡುತ್ತೇನೆ. ಕೋವಿಯನ್ನು ಕೊಂದದ್ದು ಕಮ್ಮಾರಸಾಲೆಯ ಮಿತಿ. ಕಬ್ಬಿಣದ ತಗಡನ್ನು ಸುತ್ತಿ, ರಿವೆಟ್ ಹೊಡೆದು, ಬೆಸುಗೆ ಹಾಕಿ ಮಾಡಿದ ಕುಪ್ಪಿ 55 ವಾಯುಭಾರವನ್ನು ತಿಂಗಳುಗಟ್ಟಲೆ ಸೋರದೆ ಹಿಡಿಯಬೇಕು. ವಾಲ್ವಿನ ತೊಗಲು ಒಣಗಿದರೆ ಸೋರುತ್ತದೆ. ದಂಡು ಹೋದಲ್ಲೆಲ್ಲ ಇದನ್ನು ರಿಪೇರಿ ಮಾಡಬಲ್ಲ ನುರಿತ ಕುಶಲಿ ಬೇಕು. ಮದ್ದಿನ ಕೋವಿ ಕೆಟ್ಟರೆ ಹಳ್ಳಿ ಕಮ್ಮಾರನೂ ನೋಡಿಕೊಂಡಾನು.

ಲೂಯಿಸ್‌ನ ಅದೃಷ್ಟ, ಅವನ ತಂಡದಲ್ಲಿ ಅಂಥ ಕಮ್ಮಾರನೊಬ್ಬನಿದ್ದ, ಜಾನ್ ಶೀಲ್ಡ್ಸ್. 1805ರ ಜೂನ್ 10ರಂದು ಶೀಲ್ಡ್ಸ್ ಗಾಳಿ ಕೋವಿಯ ಮುಖ್ಯ ಸ್ಪ್ರಿಂಗನ್ನು ಹೊಸದಾಗಿ ಮಾಡಿಕೊಟ್ಟ ಎಂದು ದಿನಚರಿಯಲ್ಲಿದೆ. ಎರಡು ಶತಮಾನದ ಬಳಿಕ ಈ ಒಂದು ಸಾಲು ಸಂಗ್ರಾಹಕರ ಲೋಕದಲ್ಲಿ ಕೋಲಾಹಲ ಎಬ್ಬಿಸಿತು. ಅಮೆರಿಕದಲ್ಲಿ ಏರ್‌ಗನ್ ವ್ಯಾಪಾರದಿಂದ ಹೆಸರಾದ, ಜೀವಶಾಸ್ತ್ರ ಓದಿದ ರಾಬರ್ಟ್ ಬೀಮನ್ ಅವರ ಸಂಗ್ರಹದಲ್ಲಿ ಒಂದು ಜಿರಾರ್ದೋನಿ ಇತ್ತು. ಪ್ರತಿಕೃತಿ ಮಾಡಲೆಂದು ಅದನ್ನು ಬಿಚ್ಚಿದಾಗ ಒಳಗಿನ ಸ್ಪ್ರಿಂಗ್ ಕಾರ್ಖಾನೆಯದ್ದಲ್ಲ, ಕುದುರೆ ಲಾಳದವರು ಬಳಸುವ ಅರವನ್ನು ಬಡಿದು ಮಾಡಿದ್ದು ಎಂದು ತೋರಿತು. ದಿನಚರಿಗೂ ಈ ರಿಪೇರಿಗೂ ತಾಳೆ ಹಾಕಿದ ಬೀಮನ್, ಲೂಯಿಸ್ ಹೊತ್ತೊಯ್ದ ಕೋವಿ ಇದೇ ಇರಬೇಕೆಂದು ವಾದಿಸಿದರು. ಅದನ್ನು ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿರುವ ಅಮೆರಿಕ ಸೇನೆಯ ಸಂಗ್ರಹಾಲಯಕ್ಕೆ ದಾನ ಕೊಟ್ಟರು. ಲೂಯಿಸ್ ಒಯ್ದದ್ದು ಜಿರಾರ್ದೋನಿ ಮಾದರಿ ಎಂಬ ಮಾತನ್ನು ನಾನು ಒಪ್ಪುತ್ತೇನೆ. ಇದೇ ಆ ಕೋವಿ ಎನ್ನಲು ಒಂದು ಸ್ಪ್ರಿಂಗ್ ಸಾಲದು. ಆ ಕಾಲದಲ್ಲಿ ಮುರಿದ ಸ್ಪ್ರಿಂಗಿಗೆ ಅರ ಬಡಿದ ಕಮ್ಮಾರ ಒಬ್ಬನೇ ಇದ್ದಿರಲಾರ. ಆದರೂ ಸಂಗ್ರಹದ ಒಂದು ನೀತಿ ಇಲ್ಲಿ ಕಾಣುತ್ತದೆ. ಯಾವನಾದರೂ ಶೋಕಿಯವ ನಡುವೆ ಈ ಕೋವಿಯನ್ನು ಕೊಂಡು, ಚಂದ ಕಾಣಲೆಂದು ಹಳೆಯ ಸ್ಪ್ರಿಂಗ್ ಕಿತ್ತೆಸೆದು ಹೊಸದು ಹಾಕಿದ್ದರೆ ವಾದಕ್ಕೆ ಆಧಾರವೇ ಉಳಿಯುತ್ತಿರಲಿಲ್ಲ.

ಜಿರಾರ್ದೋನಿಗಿಂತ ಹಿಂದಿನ ಕಥೆಯೂ ಸಾಕಷ್ಟಿದೆ. ಈಗ ಉಳಿದಿರುವ ಗಾಳಿ ಕೋವಿಗಳಲ್ಲಿ ಅತಿ ಹಳೆಯದೆಂದು ಹೇಳುವ ತಿದಿ ಕೋವಿ ಸ್ಟಾಕ್‌ಹೋಮ್‌ನ ರಾಜ ಶಸ್ತ್ರಾಗಾರದಲ್ಲಿದೆ, ಸುಮಾರು 1580ರದ್ದು. ಬಟ್ಟಿನೊಳಗೆ ಪುಟ್ಟ ತೊಗಲಿನ ತಿದಿ. ಸ್ಪ್ರಿಂಗ್ ಬಿಟ್ಟಾಗ ತಿದಿ ಮುಚ್ಚಿ ಗಾಳಿ ನುಗ್ಗುತ್ತದೆ. ಶಕ್ತಿ ಅಷ್ಟಕ್ಕಷ್ಟೆ, ಒಳಾಂಗಣದಲ್ಲಿ ಗರಿ ಕಟ್ಟಿದ ಮೊಳೆ ಹೊಡೆಯಲು ಸಾಕು. 1600ರ ಆಚೀಚೆ ಫ್ರಾನ್ಸಿನ ಲಿಸಿಯೂ ಊರಿನ ಮಾರೆನ್ ಲ ಬೂರ್ಜ್ವಾ ಎಂಬ ಕುಶಲಿ ದೊರೆ ನಾಲ್ಕನೆಯ ಹೆನ್ರಿಗಾಗಿ ಗಾಳಿ ತುಂಬಿಡುವ ಕೋವಿ ಮಾಡಿದ. ಮ್ಯಾಗ್ಡೆಬರ್ಗ್‌ನ ಓಟೊ ಫಾನ್ ಗೆರಿಕೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸಮಸ್ಯೆಯನ್ನು ತಲೆಕೆಳಗು ಮಾಡಿದ. ಗಾಳಿಯನ್ನು ಒತ್ತುವ ಬದಲು ನಳಿಗೆಯ ಮುಂದಿನ ಗಾಳಿಯನ್ನೇ ಪಂಪಿನಿಂದ ಎಳೆದು ಬರಿದು ಮಾಡಿದ. ಹಿಂದಿನಿಂದ ವಾತಾವರಣವೇ ಗುಂಡನ್ನು ದೂಡಿತು. ಕೋವಿಯಾಗಿ ಅದು ನಿಷ್ಪ್ರಯೋಜಕ, ಏಕೆಂದರೆ ಒಂದು ವಾಯುಭಾರಕ್ಕಿಂತ ಹೆಚ್ಚಿನ ಒತ್ತಡ ಆ ದಾರಿಯಲ್ಲಿ ಸಿಗುವುದೇ ಇಲ್ಲ. ವಾತಾವರಣಕ್ಕೆ ಬಲವಿದೆ ಎಂದು ತೋರಿಸುವ ಪ್ರಯೋಗವಾಗಿ ಸೊಗಸು.

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಗಾಳಿ ಕೋವಿ ಊರುಗೋಲಿನ ವೇಷ ತೊಟ್ಟಿತು. ಲಂಡನ್ನಿನ ರೈಲಿ, ಬರ್ಮಿಂಗ್‌ಹ್ಯಾಮ್‌ನ ಟೌನ್‌ಸೆಂಡ್ ಮುಂತಾದ ಕೋವಿಯವರು ಮಾರುತ್ತಿದ್ದ ಈ ಕೋಲುಗಳು ಮಧ್ಯದಲ್ಲಿ ಬಿಚ್ಚಿಕೊಳ್ಳುತ್ತವೆ: ಮೇಲಿನ ಅರ್ಧ ಗಾಳಿ ಕುಪ್ಪಿ, ಕೆಳಗಿನ ಅರ್ಧ ನಳಿಗೆ. ಕಪ್ಪು ಬಣ್ಣ ಬಳಿದು ಮರದ ಗಂಟುಗಳಂತೆ ಉಬ್ಬು ತೆಗೆದಿರುತ್ತಾರೆ. ಇವುಗಳ ಖ್ಯಾತಿಗೆ ಸಾಹಿತ್ಯವೂ ಕಾರಣ. ಆರ್ಥರ್ ಕಾನನ್ ಡಾಯ್ಲ್ 1903ರಲ್ಲಿ ಬರೆದ ಕಥೆಯಲ್ಲಿ ಷೆರ್ಲಾಕ್ ಹೋಮ್ಸ್‌ನನ್ನು ಕೊಲ್ಲಲು ಬರುವ ಕರ್ನಲ್ ಸೆಬಾಸ್ಟಿಯನ್ ಮೊರಾನ್ ಕೈಯಲ್ಲಿ ಕುರುಡ ಜರ್ಮನ್ ಕುಶಲಿಯೊಬ್ಬ ಮಾಡಿದ ಗಾಳಿ ಕೋವಿ ಇರುತ್ತದೆ. ಈ ಮೊರಾನ್ ಯಾರು? ಹೋಮ್ಸ್‌ನ ಟಿಪ್ಪಣಿಯ ಪ್ರಕಾರ ಅವನು ‘ಒಂದನೇ ಬೆಂಗಳೂರು ಪಯೋನೀರ್ಸ್’ ಪಲ್ಟಣದ ಮಾಜಿ ಅಧಿಕಾರಿ. ಪಲ್ಟಣ ಡಾಯ್ಲ್‌ನ ಕಲ್ಪನೆಯದು, ಕೋವಿಯೂ ಹಾಗೆಯೇ. ಬೆಂಗಳೂರು ದಂಡು ಪ್ರದೇಶದ ಹೆಸರು ಮಾತ್ರ ಲಂಡನ್ನಿನ ಓದುಗರಿಗೂ ಪರಿಚಿತವಾಗಿತ್ತು ಎನ್ನಿ.

ಸೋರಿಕೆಗೆ ನಿಜವಾದ ಉತ್ತರ ಬಂದದ್ದು ಜಾಣ ಉಪಾಯವೊಂದರಿಂದ. ಗಾಳಿಯನ್ನು ಕೂಡಿಡುವುದೇ ಬೇಡ, ಶಕ್ತಿಯನ್ನು ಉಕ್ಕಿನ ಸುರುಳಿ ಸ್ಪ್ರಿಂಗಿನಲ್ಲಿ ಕೂಡಿಡೋಣ. ಟ್ರಿಗರ್ ಎಳೆದ ಕ್ಷಣದಲ್ಲಿ ಸ್ಪ್ರಿಂಗ್ ಪಿಸ್ಟನ್ನನ್ನು ತಳ್ಳಲಿ, ಪಿಸ್ಟನ್ ಅಲ್ಲೇ ಆಗಲೇ ಗಾಳಿಯನ್ನು ಒತ್ತಲಿ. ಸೋರಲು ಗಾಳಿಗೆ ಸಮಯವೇ ಸಿಗುವುದಿಲ್ಲ. ತಿದಿ ಕೋವಿಯಲ್ಲಿ ಈ ಯೋಚನೆಯ ಬೀಜ ಇತ್ತು. ಅದನ್ನು ಅಗ್ಗದ ಕಾರ್ಖಾನೆ ಸರಕಾಗಿ ಮಾಡಿದ್ದು 1870ರ ದಶಕದ ಅಮೆರಿಕನ್ನರು: ನ್ಯೂಯಾರ್ಕ್ ರಾಜ್ಯದ ಹರ್ಕಿಮರ್ ಊರಿನ ಹೆನ್ರಿ ಕ್ವಾಕೆನ್‌ಬುಷ್, ಇಲಿಯನ್ ಊರಿನ ಹ್ಯಾವಿಲೆಂಡ್ ಮತ್ತು ಗನ್ ಜೋಡಿ. ಎರಡನೆಯವರ ಹೆಸರೇ ಗನ್, ನಾನೇನೂ ಸೇರಿಸಿದ್ದಲ್ಲ. ಅವರ ಮಾದರಿಗಳನ್ನು ಜರ್ಮನಿ, ಬೆಲ್ಜಿಯಂಗಳ ತಯಾರಕರು ನಕಲು ಮಾಡಿ ‘ಜೆಮ್’ ಎಂಬ ಹೆಸರಲ್ಲಿ ಯುರೋಪಿನ ತುಂಬ ಹರಡಿದರು.

ಮಿಷಿಗನ್‌ನ ಪ್ಲಿಮತ್‌ನಲ್ಲಿ ಕಥೆ ಇನ್ನೂ ತಮಾಷೆಯದು. ಅಲ್ಲಿ 1882ರಲ್ಲಿ ಶುರುವಾದ ಕಬ್ಬಿಣದ ಗಾಳಿಯಂತ್ರದ ಕಂಪನಿಯೊಂದು ರೈತರಿಗೆ ನೀರೆತ್ತುವ ಗಾಳಿಯಂತ್ರ ಮಾರುತ್ತಿತ್ತು. ವ್ಯಾಪಾರ ಕುಂಟುತ್ತಿತ್ತು. ಕ್ಲಾರೆನ್ಸ್ ಹ್ಯಾಮಿಲ್ಟನ್ ಎಂಬಾತ ಪೂರ್ತಿ ಲೋಹದ ಒಂದು ಏರ್‌ಗನ್ ತಂದು ತೋರಿಸಿದ. ವ್ಯವಸ್ಥಾಪಕ ಲೂಯಿಸ್ ಹಫ್ ಹಾರಿಸಿ ನೋಡಿ ಮೆಚ್ಚಿ ‘ಡೈಸಿ’ ಎಂದು ಉದ್ಗರಿಸಿದನಂತೆ. ಆ ಕಾಲದ ಆಡುಮಾತಿನಲ್ಲಿ ಹಾಗೆಂದರೆ ಪಸಂದಾಗಿದೆ ಎಂದು. ಗಾಳಿಯಂತ್ರ ಕೊಂಡವರಿಗೆ ಕೋವಿ ಉಚಿತ ಎಂದು ಕೊಡತೊಡಗಿದರು. ಜನ ಕೋವಿಗಾಗಿಯೇ ಬರತೊಡಗಿದರು. 1895ರ ಹೊತ್ತಿಗೆ ಗಾಳಿಯಂತ್ರ ಹಿಂದೆ ಸರಿದು ಕಂಪನಿಯ ಹೆಸರೇ ಡೈಸಿ ಆಯಿತು. ಈಗ ಅರ್ಕನ್ಸಾದ ರಾಜರ್ಸ್ ಊರಿನಲ್ಲಿ ಅವರದೇ ಮ್ಯೂಸಿಯಂ ಇದೆ. ಲಕ್ಷಗಟ್ಟಲೆ ತಯಾರಾದ ಈ ಕೋವಿಗಳಿಗೆ ಬೆಲೆ ಬರುವುದು ಅವನ್ನು ಮಕ್ಕಳು ಹಾಳು ಮಾಡಿದ್ದರಿಂದ! ಚೆನ್ನಾಗಿ ಉಳಿದ ಹಳೆಯ ಡೈಸಿ ಅಪರೂಪ, ಅದರ ರಟ್ಟಿನ ಪೆಟ್ಟಿಗೆ ಇನ್ನೂ ಅಪರೂಪ. ಪೆಟ್ಟಿಗೆಗಾಗಿ ಜಗಳವಾಡುವ ಸಂಗ್ರಾಹಕರಿದ್ದಾರೆ.

ಬ್ರಿಟನ್ನಿನಲ್ಲಿ ದಾರಿ ಬೇರೆಯಾಯಿತು. ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ ಬ್ರಿಟಿಷ್ ಸಿಪಾಯಿಗಳ ಗುರಿ ನೆಟ್ಟಗಿಲ್ಲ ಎಂಬುದು ಬಯಲಾದ ಮೇಲೆ ಊರೂರಲ್ಲಿ ಗುರಿ ಅಭ್ಯಾಸದ ಗೀಳು ಹತ್ತಿತು. ಬರ್ಮಿಂಗ್‌ಹ್ಯಾಮ್ ಸುತ್ತಲಿನ ಪಬ್ಬುಗಳಲ್ಲಿ ಕಬ್ಬಿಣದ ಹಲಗೆಯ ನಡುವೆ ಕಿರುಬೆರಳು ತೂರುವಷ್ಟು ತೂತು, ಹಿಂದೆ ಗಂಟೆ. ಆರು ಗಜ ದೂರದಿಂದ ತೂತಿನೊಳಗೆ ಹೊಡೆದರೆ ಗಂಟೆ ಮೊಳಗುತ್ತದೆ. ಈ ಆಟಕ್ಕೆ ನಿಖರವಾದ ಕೋವಿ ಬೇಕಿತ್ತು. ಆಗಿನ ಜರ್ಮನ್ ಕೋವಿಗಳಲ್ಲಿ ನಳಿಗೆಯನ್ನೇ ಮಡಿಸಿ ಸ್ಪ್ರಿಂಗ್ ಒತ್ತಬೇಕಿತ್ತು. ಮಡಿಸುವ ಕೀಲು ಸಡಿಲಾದರೆ ಗುರಿಯೂ ಹೋಯಿತು, ಗಾಳಿಯೂ ಹೋಯಿತು. ಬರ್ಮಿಂಗ್‌ಹ್ಯಾಮ್‌ನ ಲಿಂಕನ್ ಜೆಫ್ರೀಸ್ 1904ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದಲ್ಲಿ ನಳಿಗೆ ಅಲುಗಾಡುವುದಿಲ್ಲ, ಕೆಳಗಿನ ಸನ್ನೆಯನ್ನು ಎಳೆದು ಸ್ಪ್ರಿಂಗ್ ಒತ್ತುವುದು. ಗುಂಡು ಹಾಕಲು ನಳಿಗೆಯ ಬುಡದಲ್ಲಿ ನಲ್ಲಿಯ ತಿರುಗಣಿಯಂಥ ಒಂದು ಬಿರಡೆ. ತಿರುಗಿಸಿದರೆ ತೂತು ಮೇಲೆ ಬರುತ್ತದೆ, ಗುಂಡು ಇಳಿಸಿ ಮತ್ತೆ ತಿರುಗಿಸಿದರೆ ನಳಿಗೆಗೆ ನೇರವಾಗುತ್ತದೆ. ಬಿಎಸ್‌ಎ ಕಂಪನಿ 1905ರಿಂದ ಇದನ್ನು ತಯಾರಿಸಿತು. ಹಳೆಯ ಬಿಎಸ್‌ಎ ಕೈಗೆ ಬಂದರೆ ಬಲ್ಲವರು ಮೊದಲು ನೋಡುವುದು ಆ ಬಿರಡೆಯನ್ನು. ಅದು ಕೊಂಚ ಓರೆಯಾಗಿ ಸಪೂರವಾಗುವಂತೆ ಉಜ್ಜಿ ಕೂರಿಸಿದ್ದು. ಸವೆದಿದ್ದರೆ ಸುತ್ತಲೂ ಗಾಳಿ ಪುಸ್ಸೆನ್ನುತ್ತದೆ. ಅದರ ಮೇಲೆ ತೆಳು ಕಾಗದದ ಚೂರಿಟ್ಟು ಹೊಡೆದು ನೋಡಿದರೆ ಸೋರಿಕೆ ಗೊತ್ತಾಗುತ್ತದೆ, ಕಾಗದ ಹಾರಿಹೋಗುತ್ತದೆ.

ಸ್ಪ್ರಿಂಗ್ ಕೋವಿಯ ಹೊಟ್ಟೆಯೊಳಗೆ ಇನ್ನೊಂದು ಗುಟ್ಟಿದೆ. ಪಿಸ್ಟನ್ ಗಾಳಿಯನ್ನು ಒತ್ತುವುದು ಕೆಲವೇ ಮಿಲಿಸೆಕೆಂಡುಗಳಲ್ಲಿ, ಶಾಖ ಹೊರಗೆ ಹೋಗಲು ಪುರುಸೊತ್ತಿಲ್ಲ. ಒಂದು ವಾಯುಭಾರದ ಗಾಳಿಯನ್ನು ಹಾಗೆ 50 ವಾಯುಭಾರಕ್ಕೆ ಒತ್ತಿದರೆ ಪುಸ್ತಕದ ಲೆಕ್ಕದಲ್ಲಿ ಉಷ್ಣತೆ 600 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಸಿಲಿಂಡರಿನ ಗೋಡೆ ಒಂದಿಷ್ಟು ಹೀರಿಕೊಂಡರೂ ಅಲ್ಲಿದ್ದ ಎಣ್ಣೆಯ ಹನಿಗಳಿಗೆ ಬೆಂಕಿ ಹತ್ತಲು ಸಾಕು. ಡೀಸೆಲ್ ಎಂಜಿನ್ನಿನ ತತ್ವವೂ ಇದೇ. ಇಂಗ್ಲೆಂಡಿನ ಕಾರ್ಡ್ಯೂ ಎಂಬ ತಂದೆ ಮಗ ಸೇರಿ ಇದನ್ನು ಪರೀಕ್ಷಿಸಿದರು. ಆಮ್ಲಜನಕವೇ ಇಲ್ಲದ ನೈಟ್ರೋಜನ್ ಅನಿಲದೊಳಗೆ ಸ್ಪ್ರಿಂಗ್ ಕೋವಿ ಹಾರಿಸಿದಾಗ ಗುಂಡಿನ ವೇಗ ಗಣನೀಯವಾಗಿ ಬಿದ್ದುಹೋಯಿತು. ಗಾಳಿ ಕೋವಿ ಎಂದು ನಾವು ಕರೆಯುವ ಯಂತ್ರ ಒಳಗೊಳಗೇ ಚೂರು ಬೆಂಕಿಯನ್ನೂ ಉಪಯೋಗಿಸುತ್ತಿರುತ್ತದೆ. ಸಂಗ್ರಾಹಕರಿಗೆ ಇದರಲ್ಲಿ ಪಾಠವಿದೆ. ಅಟ್ಟದಿಂದಿಳಿಸಿದ ಹಳೆಯ ಕೋವಿಗೆ ಉತ್ಸಾಹದಿಂದ ಹೊಲಿಗೆ ಯಂತ್ರದ ಎಣ್ಣೆ ಸುರಿದು ಹೊಡೆದರೆ ಢಮ್ ಎಂದು ಹೊಗೆ ಬಂದು ಸ್ಪ್ರಿಂಗ್ ಮುರಿಯುವುದುಂಟು. ಪಿಸ್ಟನ್ ತಲೆಯ ತೊಗಲಿನ ವಾಷರ್ ಒಣಗಿದ್ದರೆ ಅದನ್ನು ಕಳಚಿ, ಪ್ರಾಣಿಜನ್ಯ ಜಿಡ್ಡಿನಲ್ಲಿ ನೆನೆಹಾಕಿ ಮೃದು ಮಾಡುವುದು ಹಳಬರ ಕ್ರಮ.

ಕುಪ್ಪಿ ಮಾದರಿಯ ಹಳೆಯ ಕೋವಿಗಳಿಗೆ ಇನ್ನೂ ಕಟ್ಟುನಿಟ್ಟಾದ ನಿಯಮ: ಗಾಳಿ ತುಂಬಲೇಬೇಡಿ. ಇನ್ನೂರು ವರ್ಷ ಒಳಗಿನಿಂದ ತುಕ್ಕು ತಿಂದ ಕಬ್ಬಿಣ ಹೊರಗಿನಿಂದ ಗಟ್ಟಿಯಾಗಿಯೇ ಕಾಣುತ್ತದೆ. ಅದು ಸಿಡಿದರೆ ಭುಜದ ಪಕ್ಕದಲ್ಲೇ ಸಿಡಿಯುವುದು. ಹಾರಿಸಿ ನೋಡುವ ಚಪಲವಿದ್ದವರು ಪ್ರತಿಕೃತಿ ಮಾಡಿಸಿಕೊಳ್ಳುತ್ತಾರೆ.

ಕೋವಿಯ ಮೇಲಿನ ಗುರುತುಗಳನ್ನು ಓದುವುದು ಸಂಗ್ರಹದ ಇನ್ನೊಂದು ಸುಖ. ಡಯಾನಾ ಎಂಬ ಹೆಸರು ನೋಡಿ ಜರ್ಮನಿಯದೇ ಎಂದು ನಿರ್ಧರಿಸುವವರು ಮೋಸ ಹೋಗಬಹುದು. ರಾಸ್ಟಾಟ್ ಊರಿನಲ್ಲಿ 1890ರಲ್ಲಿ ಹುಟ್ಟಿದ ಕಂಪನಿಯ ಯಂತ್ರಗಳೂ ಹೆಸರೂ ಎರಡನೆಯ ಮಹಾಯುದ್ಧದ ಪರಿಹಾರವಾಗಿ ಬ್ರಿಟನ್ನಿಗೆ ಹೋದವು. ಸ್ಕಾಟ್ಲೆಂಡಿನ ಮಿಲ್‌ಬ್ರೋ ಕಂಪನಿ ಡಯಾನಾ ಹೆಸರಲ್ಲೇ ಕೋವಿ ತಯಾರಿಸಿತು. ಜರ್ಮನ್ನರು ಮತ್ತೆ ಕಾರ್ಖಾನೆ ಶುರು ಮಾಡಿದಾಗ ಬ್ರಿಟನ್ನಿನಲ್ಲಿ ತಮ್ಮದೇ ಹೆಸರು ಬಳಸುವಂತಿರಲಿಲ್ಲ, ‘ಒರಿಜಿನಲ್’ ಎಂದು ಮಾರಿದರು. ಅಸಲಿ ಎಂದು ಹೆಸರಿಟ್ಟುಕೊಳ್ಳಬೇಕಾದ ಗತಿ ಅಸಲಿನವರಿಗೇ ಬಂತು. ಐದು ಮೂಲೆಯ ಚೌಕಟ್ಟಿನೊಳಗೆ ‘ಎಫ್’ ಅಕ್ಷರ ಕಂಡರೆ ಅದು ಜರ್ಮನಿಯ ಏಳೂವರೆ ಜೂಲ್ ಮಿತಿಯ ಮುದ್ರೆ, 1970ರಿಂದೀಚಿನದು; ಅಂಥ ಕೋವಿಯನ್ನು ಯಾರಾದರೂ ಯುದ್ಧಪೂರ್ವದ್ದು ಎಂದು ಮಾರಲು ಬಂದರೆ ನಕ್ಕು ಸುಮ್ಮನಾಗಬಹುದು. ಈ ಜ್ಞಾನವನ್ನು ಮೊದಲು ಕ್ರಮಬದ್ಧವಾಗಿ ಕೂಡಿಸಿದವರಲ್ಲಿ ಮಿಲ್ವಾಕಿ ಸಾರ್ವಜನಿಕ ಮ್ಯೂಸಿಯಂನ ಎಲ್ಡನ್ ವುಲ್ಫ್ ಪ್ರಮುಖರು, ಅವರ ಪುಸ್ತಕ ಬಂದದ್ದು 1958ರಲ್ಲಿ.

ಸೋರಿಕೆಯ ಕಥೆ ಎಲ್ಲಿಗೆ ಮುಟ್ಟಿತು? 1930ರ ದಶಕದ ಕೊನೆಯಲ್ಲಿ ನೀಲ್ಸ್ ಕ್ರಿಸ್ಟೆನ್ಸನ್ ಎಂಬ ಡೇನಿಷ್ ಮೂಲದ ಅಮೆರಿಕನ್ ರಬ್ಬರಿನ ಪುಟ್ಟ ಉಂಗುರವೊಂದನ್ನು ಕೊರೆದ ತೋಡಿನಲ್ಲಿ ಕೂರಿಸಿ ಒತ್ತಡ ತಡೆಯುವ ವಿಧಾನಕ್ಕೆ ಪೇಟೆಂಟ್ ಮಾಡಿಸಿದ. ಓ-ರಿಂಗ್ ಎಂದು ಪ್ರತಿ ಮೆಕ್ಯಾನಿಕ್‌ಗೂ ಗೊತ್ತಿರುವ ವಸ್ತು. ಒತ್ತಡ ಏರಿದಷ್ಟೂ ಉಂಗುರ ತನ್ನ ಸಂದಿಗೆ ಹೆಚ್ಚು ಬಿಗಿಯಾಗಿ ಒತ್ತಿಕೊಳ್ಳುತ್ತದೆ; ತೊಗಲು ಮಾಡಲಾರದ ಕೆಲಸ. ಅದೂ ಒಳ್ಳೆಯ ಉಕ್ಕೂ ಅಲ್ಯುಮಿನಿಯಮ್ಮೂ ಕೂಡಿದ ಮೇಲೆ ಜಿರಾರ್ದೋನಿಯ ಯೋಚನೆಗೆ ಮರುಜೀವ ಬಂತು. 10 ಮೀಟರ್ ಏರ್ ರೈಫಲ್ ಸ್ಪರ್ಧೆ ಒಲಿಂಪಿಕ್ಸ್‌ಗೆ ಬಂದದ್ದು 1984ರಲ್ಲಿ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದದ್ದೂ ಇದರಲ್ಲೇ. ಇಂದಿನ ಸ್ಪರ್ಧಾ ಕೋವಿಗಳ ನಳಿಗೆಯ ಕೆಳಗೆ 200 ವಾಯುಭಾರದ ಗಾಳಿ ತುಂಬಿದ ಸಿಲಿಂಡರ್ ಇರುತ್ತದೆ, ತಿರುಪಿದರೆ ಕಳಚಿಕೊಳ್ಳುತ್ತದೆ.

ನಮ್ಮಲ್ಲಿ ಏರ್‌ಗನ್ನಿನ ಮೊದಲ ಪರಿಚಯ ಬಹುತೇಕರಿಗೆ ಜಾತ್ರೆಯ ಬಲೂನು ಹೊಡೆಯುವ ಅಂಗಡಿಯಲ್ಲಿ. ಹಲಗೆಗೆ ಸಾಲಾಗಿ ಕಟ್ಟಿದ ಬಲೂನು, ಬಾಗಿದ ಗುರಿಮಣಿ, ಎಷ್ಟು ಸಲ ಮಡಿಸಿ ಸಡಿಲಾಗಿದೆಯೋ ಆ ಕೀಲು. ಮುಂಬಯಿಯಲ್ಲಿ 1908ರ ಸುಮಾರಿಗೆ ಸಲೀಂ ಅಲಿ ಎಂಬ ಹುಡುಗ ಆಟಿಕೆ ಏರ್‌ಗನ್ನಿನಿಂದ ಹೊಡೆದುರುಳಿಸಿದ ಗುಬ್ಬಚ್ಚಿಯ ಕೊರಳಲ್ಲಿ ಹಳದಿ ಮಚ್ಚೆ ಕಂಡಿತು. ಇದ್ಯಾವ ಹಕ್ಕಿ ಎಂದು ಕೇಳಲು ಅವನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮೆಟ್ಟಿಲೇರಿದ. ಮುಂದೆ ಅವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನೂ ಮಾಡಿದರು. ಇವತ್ತು ಹಾಗೆ ಹಕ್ಕಿ ಹೊಡೆದರೆ ವನ್ಯಜೀವಿ ಕಾಯ್ದೆಯಡಿ ಕೇಸು ಬೀಳುತ್ತದೆ.

ಮಲೆನಾಡು, ಕೊಡಗಿನ ತೋಟದ ಮನೆಗಳ ಅಟ್ಟದಲ್ಲಿ ಹಳೆಯ ಬಿಎಸ್‌ಎ, ಡಯಾನಾ, ವೆಬ್ಲಿ ಸಿಗುವುದುಂಟು. ಸಿಕ್ಕವರು ಮರಳುಕಾಗದ ಹಿಡಿದು ತುಕ್ಕು ಉಜ್ಜಲು ಕೂರದಿದ್ದರೆ ಅದೇ ದೊಡ್ಡ ಉಪಕಾರ. ನೀಲಿ ಬಣ್ಣವೂ ಅಕ್ಷರಗಳೂ ಉಜ್ಜಿ ಹೋದ ಕೋವಿಗೆ ಸಂಗ್ರಾಹಕ ಅರ್ಧ ಬೆಲೆಯನ್ನೂ ಕೊಡುವುದಿಲ್ಲ. ವಾಷರ್ ಬದಲಿಸಬೇಕಾದರೆ ಹಳೆಯದನ್ನು ಪೊಟ್ಟಣ ಕಟ್ಟಿ, ಯಾವಾಗ ತೆಗೆದದ್ದೆಂದು ಬರೆದು ಕೋವಿಯ ಜೊತೆಗೇ ಇಡಬೇಕು. ಅದಕ್ಕೂ ಮೊದಲು ನಳಿಗೆಯ ಅಳತೆ ನೋಡಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಏರ್‌ಗನ್ನಿನ ನಳಿಗೆ 0.177 ಇಂಚಿಗಿಂತ ದೊಡ್ಡದಿದ್ದರೆ ಅಥವಾ ಶಕ್ತಿ 20 ಜೂಲ್ ಮೀರಿದರೆ ಪರವಾನಗಿ ಬೇಕು. ಹಳೆಯ ಇಂಗ್ಲಿಷ್, ಜರ್ಮನ್ ಕೋವಿಗಳಲ್ಲಿ 0.22 ಇಂಚಿನವೂ ಬಹಳ. ಗುರುತಿಸಲು ಉಪಕರಣವೇನೂ ಬೇಡ: ಅಂಗಡಿಯಲ್ಲಿ ಸಿಗುವ 0.177ರ ಪೆಲೆಟ್ ಒಂದನ್ನು ನಳಿಗೆಯ ಬುಡದಿಂದ ಹಾಕಿ. ಬಿಗಿಯಾಗಿ ಕೂತರೆ ಸರಿ. ಜಾರಿ ಮೂತಿಯಿಂದ ನೆಲಕ್ಕೆ ಬಿದ್ದರೆ ಅದು 0.22, ಪೊಲೀಸ್ ಠಾಣೆಯ ದಾರಿ ಹಿಡಿಯಬೇಕು.